ಅಪ್‌ಡೇಟ್: ಆಕ್ಸಿಲರೇಟರ್ ಬಿಟ್ಟಾಗ 'ಸುಸ್ಸ್' ಸದ್ದು, ಟರ್ಬೊ ಹೋಗಿರಲಿಲ್ಲ

ಹೋದ ವಾರ ಕೇಳಿದ್ದೆನಲ್ಲ, ನನ್ನ ಹಳೇ ಡೀಸೆಲ್ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ 'ಸುಸ್ಸ್' ಅಂತ ಸದ್ದು ಬರುತ್ತೆ ಅಂತ. ಒಂದು ಗ್ಯಾರೇಜಿನಲ್ಲಿ ಬಾನೆಟ್ ಕೂಡ ಎತ್ತದೆ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಬದಲಿಸಿ ಅಂದಿದ್ದರು. ನಮ್ಮೂರಿನ ಮೆಕ್ಯಾನಿಕ್ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಪೈಪಿನ ಅಡಿಗೆ ಕೈ ಹಾಕಿ ತೆಗೆದರು, ಬೆರಳೆಲ್ಲ ಆಯಿಲ್ ಮಸಿ. ಕ್ಲಾಂಪ್ ಪಕ್ಕದಲ್ಲಿ ರಬ್ಬರ್ ಉಗುರಿನಷ್ಟುದ್ದ ಸೀಳಿತ್ತು, ಒಳಗೆ ಗಾಳಿಯ ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತಿತ್ತು, ಎಂಜಿನ್ ಸದ್ದು ಇಳಿದ ಕ್ಷಣ ಆ ಗಾಳಿ ಸೋರುವ ಸದ್ದು ಕಿವಿಗೆ ಬೀಳುತ್ತಿತ್ತು ಅಷ್ಟೆ. ಟರ್ಬೊ ಶಾಫ್ಟನ್ನೂ ಅಲ್ಲಾಡಿಸಿ ನೋಡಿದರು, ಗಟ್ಟಿಯಾಗಿದೆ.

ಪೈಪ್, ಕ್ಲಾಂಪ್ ಎರಡೂ ಹೊಸದು ಹಾಕಿಸಿ ಶಿರಾಡಿ ಘಾಟಿ ಹತ್ತಿಸಿದೆ. ಪಿಕಪ್ ವಾಪಸ್ ಬಂದಿದೆ, ಕಪ್ಪು ಹೊಗೆಯೂ ಇಲ್ಲ. ಸಣ್ಣ ಶಿಳ್ಳೆ ಇನ್ನೂ ಕೇಳುತ್ತೆ, ಅದು ಟರ್ಬೊ ತಿರುಗುವ ಮಾಮೂಲಿ ಸದ್ದಂತೆ. ಹೋದ ವಾರ ಬ್ಲೋ-ಆಫ್ ವಾಲ್ವ್ (ಹೆಚ್ಚಾದ ಗಾಳಿಯ ಒತ್ತಡ ಹೊರಬಿಡುವ ವಾಲ್ವ್) ಹಾಕಿಸಿ ಅಂದವರೇ, ಸುಮ್ನೆ ದುಡ್ಡು ದಂಡ ಆಗ್ತಿತ್ತು ಅಲ್ವಾ!