ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪರೀಕ್ಷೆ) ಜಾಸ್ತಿ ಬಂದಿದೆ. ಫ್ಯಾಕ್ಟರ್ ಪರೀಕ್ಷೆಗೆ ರಕ್ತ ಇಲ್ಲೇ ಕೊಡೋದಾ, ಹೋಗಿ ಕೊಡೋದಾ?

ಕೇಳಿದವರು, ತೀರ್ಥಹಳ್ಳಿ ಕಡೆಯ ತಾಯಿ:
ನನ್ನ ಮಗನಿಗೆ ಆರು ವರ್ಷ. ಹಾಲುಹಲ್ಲು ಬಿದ್ದ ಜಾಗದಲ್ಲಿ ರಾತ್ರಿಯಿಡೀ ರಕ್ತ ಜಿನುಗುತ್ತಲೇ ಇತ್ತು. ಆಡುವಾಗ ಬಿದ್ದರೆ ಮೊಣಕಾಲು ಊದಿಕೊಳ್ಳುತ್ತದೆ. ಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ ಸರಿ ಇದೆ, ಪಿಟಿ ಅನ್ನೋ ಇನ್ನೊಂದು ಹೆಪ್ಪುಗಟ್ಟುವ ಪರೀಕ್ಷೆ ಸರಿ ಇದೆ, ಎಪಿಟಿಟಿ ಮಾತ್ರ 68 ಸೆಕೆಂಡ್. 35ರ ಒಳಗೆ ಇರಬೇಕಂತೆ. ಈಗ ಡಾಕ್ಟರ್ ಫ್ಯಾಕ್ಟರ್ ಪರೀಕ್ಷೆ ಬರೆದಿದ್ದಾರೆ, ಫ್ಯಾಕ್ಟರ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಅಂತೆ. ಇಲ್ಲಿನ ಕಲೆಕ್ಷನ್ ಸೆಂಟರ್‌ನವರು ರಕ್ತ ತೆಗೆದು ಬೆಂಗಳೂರಿಗೆ ಕಳಿಸ್ತೀವಿ ಅಂತಾರೆ. ಅಷ್ಟು ಸಾಕಾ? ನನ್ನ ತಮ್ಮನಿಗೂ ಚಿಕ್ಕಂದಿನಲ್ಲಿ ಹೀಗೇ ಮಂಡಿ ಊದುತ್ತಿತ್ತು. ಅನುಭವ ಇದ್ದವರು ದಯವಿಟ್ಟು ಹೇಳಿ.

ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ:
ಅಕ್ಕ, ಆಗುತ್ತದೆ ಅಂದರೆ ಮಗುವನ್ನೇ ಕರೆದುಕೊಂಡು ಹೋಗಿ. ರಕ್ತವನ್ನು ಕಳಿಸುವುದಕ್ಕಿಂತ ಅದೇ ಒಳ್ಳೆಯದು. ಯಾಕೆ ಅಂತ ಹೇಳುತ್ತೇನೆ.

ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಯ ಹಾಗಲ್ಲ ಇದು. ಹೆಪ್ಪುಗಟ್ಟುವ ಪರೀಕ್ಷೆಗೆ ತಿಳಿನೀಲಿ ಮುಚ್ಚಳದ ಟ್ಯೂಬ್ ಬೇಕು. ಅದರೊಳಗೆ ಮೊದಲೇ ಸ್ವಲ್ಪ ಸಿಟ್ರೇಟ್ ದ್ರವ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಇದು ಲೆಕ್ಕ. ಟ್ಯೂಬಿನ ಮೇಲೆ ಒಂದು ಗೆರೆ ಇರುತ್ತದೆ, ರಕ್ತ ಅಲ್ಲಿಯವರೆಗೂ ಬರಬೇಕು. ಮಗು ಕೈ ಎಳೆದುಕೊಳ್ಳುತ್ತದೆ, ನರ ಸಿಗುವುದಿಲ್ಲ, ಅರ್ಧ ಟ್ಯೂಬ್ ಆದಾಗಲೇ ಸಾಕು ಅಂತ ಮುಚ್ಚಿಬಿಡುತ್ತಾರೆ. ಆಗ ಸಿಟ್ರೇಟ್ ಜಾಸ್ತಿಯಾಗಿ ಎಪಿಟಿಟಿ ಸುಳ್ಳೇ ಉದ್ದ ಬರುತ್ತದೆ. ನಿಮ್ಮ 68 ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮಂಡಿ ಊದುವುದು, ತಮ್ಮನ ಕಥೆ ಎಲ್ಲಾ ಸೇರಿಸಿ ನೋಡಿದರೆ ಅದು ನಿಜ ಇರುವ ಸಾಧ್ಯತೆಯೇ ಜಾಸ್ತಿ. ಆದರೂ ಮುಂದಿನ ಸಲ ತೆಗೆಯುವಾಗ ಪಕ್ಕದಲ್ಲಿ ನಿಂತು ಗೆರೆ ನೋಡಿ. ತುಂಬಿದ ಮೇಲೆ ಮೂರ್ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಜೋರಾಗಿ ಕುಲುಕಬಾರದು. ಒಂದು ಸಣ್ಣ ಗಂಟು ಕಟ್ಟಿದರೂ ಆ ಸ್ಯಾಂಪಲ್ ಹೋದ ಹಾಗೆಯೇ.

ಆಮೇಲೆ ಸಮಯ. ಎಪಿಟಿಟಿ, ಫ್ಯಾಕ್ಟರ್ ಪರೀಕ್ಷೆಗೆ ತೆಗೆದ ರಕ್ತವನ್ನು ನಾಲ್ಕು ಗಂಟೆಯೊಳಗೆ ನೋಡಬೇಕು. ಫ್ಯಾಕ್ಟರ್ ಎಂಟು ಹಾಲಿನ ಹಾಗೆ, ಇಟ್ಟಷ್ಟೂ ಕೆಡುತ್ತದೆ. ಹಾಗಂತ ಫ್ರಿಜ್‌ನಲ್ಲಿ ಇಡುವುದೂ ತಪ್ಪು. ತಣ್ಣಗಾದರೆ ಫ್ಯಾಕ್ಟರ್ ಎಂಟು, ವಾನ್ ವಿಲ್ಲೆಬ್ರ್ಯಾಂಡ್ (ಹೆಪ್ಪುಗಟ್ಟಲು ಬೇಕಾದ ಇನ್ನೊಂದು ಪ್ರೋಟೀನ್) ಎರಡೂ ಕಡಿಮೆ ತೋರಿಸಬಹುದು. ಇಡೀ ರಕ್ತವನ್ನು ಐಸ್ ಪ್ಯಾಕ್ ಮೇಲೆ ಇಟ್ಟು ರಾತ್ರಿ ಬಸ್ಸಿಗೆ ಹಾಕುವುದನ್ನು ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ದೂರ ಕಳಿಸಲೇಬೇಕು ಅಂದರೆ ದಾರಿ ಇದೆ. ಸೆಂಟ್ರಿಫ್ಯೂಜ್‌ನಲ್ಲಿ ಎರಡು ಸಲ ತಿರುಗಿಸಿ, ಪ್ಲೇಟ್‌ಲೆಟ್ ಇಲ್ಲದ ಪ್ಲಾಸ್ಮಾ (ರಕ್ತದ ತಿಳಿ ದ್ರವ) ಬೇರೆ ಮಾಡಿ, ಕೂಡಲೇ ಗಟ್ಟಿ ಫ್ರೀಜ್ ಮಾಡಿ, ಡ್ರೈ ಐಸ್‌ನಲ್ಲಿ ಕಳಿಸಬೇಕು. ಕಲೆಕ್ಷನ್ ಸೆಂಟರ್‌ನವರಿಗೆ ಒಂದೇ ಪ್ರಶ್ನೆ ಕೇಳಿ: "ಪ್ಲಾಸ್ಮಾ ಇಲ್ಲೇ ಬೇರೆ ಮಾಡಿ ಫ್ರೀಜ್ ಮಾಡ್ತೀರಾ?" ಉತ್ತರ ಸರಿಯಾಗಿ ಬರದಿದ್ದರೆ ಅಲ್ಲಿ ಕೊಡಬೇಡಿ.

ರಿಪೋರ್ಟ್ ಬಗ್ಗೆ ಎರಡು ಮಾತು. ಪಿಟಿ ಸರಿ ಇದ್ದು ಎಪಿಟಿಟಿ ಮಾತ್ರ ಉದ್ದ ಬಂದರೆ ಸಾಮಾನ್ಯವಾಗಿ ಮೊದಲು ಮಿಕ್ಸಿಂಗ್ ಮಾಡುತ್ತಾರೆ. ಮಗುವಿನ ಪ್ಲಾಸ್ಮಾಗೆ ಅಷ್ಟೇ ನಾರ್ಮಲ್ ಪ್ಲಾಸ್ಮಾ ಬೆರೆಸಿ ನೋಡುವುದು. ಸಮಯ ಸರಿಹೋದರೆ ಯಾವುದೋ ಫ್ಯಾಕ್ಟರ್ ಕೊರತೆ. ಸರಿಹೋಗದಿದ್ದರೆ ರಕ್ತದಲ್ಲಿ ಅಡ್ಡಿ ಮಾಡುವ ಪ್ರತಿಕಾಯ ಇದೆ ಅಂತ. ಮಕ್ಕಳಿಗೆ ವೈರಲ್ ಜ್ವರ ಬಂದು ಹೋದ ಮೇಲೆ ಅಂಥದ್ದು ಸ್ವಲ್ಪ ಕಾಲ ಕಾಣಿಸಿಕೊಂಡು ತಾನೇ ಹೋಗುವುದೂ ಉಂಟು, ಆದರೆ ಅದರಿಂದ ಸಾಮಾನ್ಯವಾಗಿ ರಕ್ತ ಸೋರುವುದಿಲ್ಲ. ಫ್ಯಾಕ್ಟರ್ ಎಂಟು ಕಡಿಮೆ ಇದ್ದರೆ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಎ, ಒಂಬತ್ತು ಕಡಿಮೆ ಇದ್ದರೆ ಬಿ. ಫ್ಯಾಕ್ಟರ್ ನಾರ್ಮಲ್ ಮಟ್ಟದ ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ ತೀವ್ರ, 1ರಿಂದ 5 ಮಧ್ಯಮ, 5ರಿಂದ 40 ಸೌಮ್ಯ. ಎಂಟು ಕಡಿಮೆ ಬಂದರೆ ವಾನ್ ವಿಲ್ಲೆಬ್ರ್ಯಾಂಡ್ ಕೂಡ ನೋಡಿಸಿ, ಅದು ಕಡಿಮೆಯಾದರೂ ಎಂಟು ಇಳಿಯುತ್ತದೆ.

ಹಿಮೋಫಿಲಿಯಾ ಇರುವ ಹುಡುಗನ ಅಮ್ಮ, ಭದ್ರಾವತಿ:
ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಮಗನಿಗೆ ಬಿಟಿ, ಸಿಟಿ (ರಕ್ತ ನಿಲ್ಲುವ ಸಮಯ, ಹೆಪ್ಪುಗಟ್ಟುವ ಸಮಯ ನೋಡುವ ಹಳೇ ಪರೀಕ್ಷೆಗಳು) ಎರಡೂ ನಾರ್ಮಲ್ ಅಂತ ಬರೆದುಕೊಟ್ಟಿದ್ದರು. ಅದನ್ನೇ ನಂಬಿ ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಓಡಾಡಿದೆವು. ಸೌಮ್ಯ ಹಿಮೋಫಿಲಿಯಾ ಅದರಲ್ಲಿ ಸಿಕ್ಕುವುದೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಮಂಡಿ ಊದಿದಾಗ ತಿಕ್ಕಬೇಡಿ ತಂಗಿ. ಐಸ್ ಇಡಿ, ಕಾಲು ಮೇಲಿಟ್ಟು ಮಲಗಿಸಿ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಪ್ಯಾರಾಸಿಟಮಾಲ್ ಆಗಬಹುದು. ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಕೊಡಲು ಬಂದರೆ ರಿಪೋರ್ಟ್ ತೋರಿಸಿ ನಿಲ್ಲಿಸಿ. ಹಲ್ಲಿನ ರಕ್ತ ಮತ್ತೆ ಶುರುವಾದರೆ ಒದ್ದೆ ಗಾಜ್ ಇಟ್ಟು ಗಟ್ಟಿಯಾಗಿ ಕಚ್ಚಿಸಿ, ಡಾಕ್ಟರಿಗೆ ಫೋನ್ ಮಾಡಿ. ಟ್ರಾನೆಕ್ಸಾಮಿಕ್ ಆಸಿಡ್ ಅಂತ ಒಂದು ಔಷಧಿ ಇದೆ, ಅವರು ಬರೆದುಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಎಲ್ಲಿಗೆ ಹೋಗುವುದು ಅಂದರೆ, ಘಾಟಿ ಇಳಿಯುವುದಾದರೆ ನಿಮಗೆ ಆಗುಂಬೆ ಮೇಲೆ ಮಣಿಪಾಲ. ಈ ಕಡೆ ಬಂದರೆ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಇದರಲ್ಲೇ ಕೈಪಳಗಿದವರು ಅಲ್ಲಿದ್ದಾರೆ, ಮೊದಲು ಫೋನ್ ಮಾಡಿ ಹೋಗಿ. ಹಿಮೋಫಿಲಿಯಾ ಅಂತ ಖಚಿತವಾದರೆ ಫ್ಯಾಕ್ಟರ್ ಔಷಧಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಇದೆಯಾ ಅಂತ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ. ರಾತ್ರಿ ಹೊತ್ತು ಹುಡುಕುವ ಕಷ್ಟ ಬೇಡ. ಅಂಗವಿಕಲರ 2016ರ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ, ಸರ್ಟಿಫಿಕೇಟ್‌ಗೂ ಅರ್ಜಿ ಹಾಕಬಹುದು.

ಇನ್ನೊಂದು. ನಿಮ್ಮ ತಮ್ಮನನ್ನೂ ಪರೀಕ್ಷೆ ಮಾಡಿಸಿ. ನೀವೂ ಮಾಡಿಸಿಕೊಳ್ಳಿ. ಇದು ತಾಯಿ ಕಡೆಯಿಂದ ಬರುವುದು ಅಂತ ಮನೆಯಲ್ಲಿ ಯಾರಾದರೂ ನಿಮ್ಮ ಮೇಲೆ ಮಾತು ಆಡಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮೂರರಲ್ಲಿ ಒಂದು ಪಾಲು ಮನೆಗಳಲ್ಲಿ ಹಿಂದೆ ಯಾರಿಗೂ ಇರುವುದೇ ಇಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ವಾಹಕ ಆಗಿರುವ (ಈ ಕಾಯಿಲೆಯ ಜೀನ್ ಹೊತ್ತಿರುವ) ಹೆಂಗಸರಿಗೂ ಫ್ಯಾಕ್ಟರ್ ಕಡಿಮೆ ಇರಬಹುದು, ಹೆರಿಗೆ, ಆಪರೇಷನ್ ಹೊತ್ತಲ್ಲಿ ಅದು ಗೊತ್ತಿರಬೇಕು.

ಸಾಗರದಿಂದ ಒಬ್ಬರು:
ನನ್ನದು ವಾನ್ ವಿಲ್ಲೆಬ್ರ್ಯಾಂಡ್ ಕೊರತೆಯ ಕಾಯಿಲೆ. ಮುಟ್ಟಿನ ರಕ್ತ ಜಾಸ್ತಿ ಅಂತ ಎಷ್ಟೋ ವರ್ಷ ಬರೀ ಕಬ್ಬಿಣದ ಮಾತ್ರೆ ಕೊಟ್ಟರು. ನನ್ನ ಎಪಿಟಿಟಿ ನಾರ್ಮಲ್ಲೇ ಇತ್ತು! ಮೊದಲ ಸಲ ವಾನ್ ವಿಲ್ಲೆಬ್ರ್ಯಾಂಡ್ ಕೂಡ ಅಂಚಿನಲ್ಲಿ ಬಂತು, ಮತ್ತೆ ಮಾಡಿಸಿದಾಗ ಕಡಿಮೆ ಸಿಕ್ಕಿತು. ಜ್ವರ, ಗಾಬರಿ, ಬಸುರು ಇದ್ದಾಗ ಇದು ಏರುತ್ತದಂತೆ. ಓ ಗುಂಪಿನ ರಕ್ತದವರಿಗೆ ಮೊದಲಿಂದಲೇ ಸ್ವಲ್ಪ ಕಡಿಮೆ. ಒಂದೇ ರಿಪೋರ್ಟ್ ನೋಡಿ ಏನೂ ಇಲ್ಲ ಅಂದುಬಿಟ್ಟರೆ ಒಪ್ಪಬೇಡಿ.

ಕೇಳಿದವರು:
ಎಲ್ಲರಿಗೂ ಕೈಮುಗಿದೆ. ಮುಂದಿನ ವಾರ ದಾವಣಗೆರೆಗೆ ಹೊರಡುತ್ತೇವೆ, ತಮ್ಮನೂ ಬರುತ್ತಾನೆ. ಮಗುವಿಗೆ ಖಾಲಿ ಹೊಟ್ಟೆ ಬೇಕಾ?

ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ:
ಬೇಡ ಅಕ್ಕ. ಎಣ್ಣೆ, ತುಪ್ಪದ್ದು ಬೇಡ ಅಷ್ಟೇ, ಪ್ಲಾಸ್ಮಾ ಬೆಳ್ಳಗಾದರೆ ಕೆಲವು ಮೆಷಿನ್‌ಗಳಿಗೆ ತೊಂದರೆ. ಎರಡು ಇಡ್ಲಿ ತಿನ್ನಿಸಿ, ಚೆನ್ನಾಗಿ ನೀರು ಕುಡಿಸಿ. ನರ ಬೇಗ ಸಿಗುತ್ತದೆ. ರಕ್ತ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿಯಿರಿ, ಐದು ನಿಮಿಷವಾದರೂ ಬಿಡಬೇಡಿ. ಹಳೇ ರಿಪೋರ್ಟ್ ಎಲ್ಲಾ ಒಯ್ಯಿರಿ, ತಮ್ಮನ ಹಳೇ ಚೀಟಿ ಇದ್ದರೆ ಅದನ್ನೂ.