ಸುತ್ತಿಟ್ಟ ಮುಂದಿನ ಹಾಯಿಯನ್ನು ಬಿಸಿಲಿನಿಂದ ಕಾಪಾಡುವುದು ಹೇಗೆ?

ಪ್ರಶ್ನೆ (ಹಿನ್ನೀರಿಗ, ಸಾಗರ)

ನಮಸ್ಕಾರ. ಶರಾವತಿ ಹಿನ್ನೀರಿನಲ್ಲಿ ನನ್ನದೊಂದು ಸಣ್ಣ ಹಾಯಿದೋಣಿ ಇದೆ. ಮುಂದಿನ ಹಾಯಿಯನ್ನು ಫರ್ಲರ್ ಎಂಬ ಸುತ್ತುವ ಸಾಧನದಿಂದ, ಅದನ್ನು ಕಟ್ಟಿರುವ ತಂತಿಗೇ ಸುತ್ತಿಡುವ ಅನುಕೂಲವಿರುವುದರಿಂದ ಎರಡು ವರ್ಷಗಳಿಂದ ಅದನ್ನು ಕೆಳಗಿಳಿಸಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಂತೆ ದಡದ ಮರಗಳ ನೆರಳು ದೂರವಾಗಿ, ದೋಣಿ ದಿನವಿಡೀ ಬಟ್ಟಬಯಲಿನಲ್ಲಿ ನಿಲ್ಲುತ್ತದೆ. ಕಳೆದ ವಾರ ಹಾಯಿ ಬಿಚ್ಚಿದಾಗ ಹಿಂದಿನ ಅಂಚಿನುದ್ದಕ್ಕೂ ಗೇಣಗಲ ಬಟ್ಟೆ ಹಳದಿಗಟ್ಟಿತ್ತು. ಹೊಲಿಗೆಯನ್ನು ಉಗುರಿನಿಂದ ಕೆರೆದರೆ ದಾರ ಪುಡಿಯಾಗಿ ಉದುರಿತು. ಒಳಸುತ್ತಿನ ಬಟ್ಟೆ ಮಾತ್ರ ಹೊಸದರಂತಿದೆ. ಅಡಿಕೆ ಸಸಿಗಳಿಗೆ ಕಟ್ಟುವ ಶೇಡ್ ನೆಟ್ಟನ್ನೇ ಸುತ್ತಿದರೆ ಸಾಕಾಗುವುದೇ, ಅಥವಾ ಬೇರೆ ಹೊದಿಕೆ ಬೇಕೇ?

ಉತ್ತರ (ಹಾಯಿಪ್ರಿಯ, ಶಿವಮೊಗ್ಗ)

ಶೇಡ್ ನೆಟ್ ಬೇಡ. ಶೇಕಡ 50 ಅಥವಾ 75ರ ನೆಟ್ ಎಂದರೆ ಉಳಿದ ಬಿಸಿಲು ಒಳಗೆ ಬಿತ್ತೆಂದೇ ಅರ್ಥ. ಜೊತೆಗೆ ಗಾಳಿಗೆ ಅದು ಹಾಯಿಯನ್ನು ಉಜ್ಜುತ್ತಲೇ ಇರುತ್ತದೆ.

ತಾವು ಕಂಡದ್ದು ನೇರಳಾತೀತ ಕಿರಣಗಳ ಕೆಲಸ. ಹಾಯಿಗೆ ಬಳಸುವ ಡೇಕ್ರಾನ್ ಎಂಬುದು ಪಾಲಿಯೆಸ್ಟರ್ ಬಟ್ಟೆ. ಈ ಕಿರಣಗಳು ಅದರ ಎಳೆಗಳ ಕಸುವನ್ನು ಕುಂದಿಸುತ್ತವೆ. ಹೊಲಿಗೆಯ ದಾರ ಬಟ್ಟೆಯ ಮೇಲೆ ಎದ್ದು ನಿಂತಿರುವುದರಿಂದ ಮೊದಲು ಸಾಯುವುದು ಅದೇ. ಹಳದಿಯಾದ ಭಾಗವನ್ನು ಕೈಯಲ್ಲಿ ಎಳೆದು ನೋಡಿ. ಬಟ್ಟೆ ಗಟ್ಟಿಯಾಗಿದ್ದರೆ ಮೊದಲು ಹೊಲಿಗೆಗಳನ್ನು ಮತ್ತೆ ಹಾಕಿಸಿ, ಅನಂತರ ಹಿಂದಿನ ಅಂಚಿಗೂ ಕೆಳ ಅಂಚಿಗೂ ರಕ್ಷಣಾ ಪಟ್ಟಿ ಹೊಲಿಸಿ. ಸನ್‌ಬ್ರೆಲ್ಲಾದಂಥ ಅಕ್ರಿಲಿಕ್ ಬಟ್ಟೆಯಲ್ಲಿ ಬಣ್ಣ ಎಳೆಯ ಒಳಗೇ ಬೆರೆತಿರುವುದರಿಂದ ಅದು ದೀರ್ಘಕಾಲ ಬಾಳುತ್ತದೆ, ಆದರೆ ತೂಕ ಹೆಚ್ಚು. ಮಂದ ಗಾಳಿಯಲ್ಲಿ ಸಣ್ಣ ಹಾಯಿಯ ಅಂಚು ಜೋಲುತ್ತದೆ. ನಿಮ್ಮ ದೋಣಿಗೆ ಬಿಸಿಲು ತಡೆಯುವ ಲೇಪನವಿರುವ ಹಗುರ ಡೇಕ್ರಾನ್ ಪಟ್ಟಿಯೇ ಮೇಲೆಂದು ನನ್ನ ಅಭಿಪ್ರಾಯ, ಅದನ್ನು ಬೇಗ ಬದಲಿಸಬೇಕಾಗಿ ಬಂದರೂ ಸರಿಯೇ. ದಾರಕ್ಕೆ ಮಾತ್ರ ಜಿಪುಣತನ ಮಾಡಬೇಡಿ: ಪಿಟಿಎಫ್‌ಇ (ಟೆಫ್ಲಾನ್ ಬಗೆಯ ಪ್ಲಾಸ್ಟಿಕ್) ದಾರ ದುಬಾರಿಯಾದರೂ ಬಿಸಿಲಿಗೆ ಜಗ್ಗುವುದಿಲ್ಲ.

ಹೊಲಿಸುವ ಮೊದಲು ಹಾಯಿಯನ್ನು ಎಂದಿನಂತೆ ಸುತ್ತಿ, ಹೊರಗೆ ಕಾಣುವ ಭಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಪಟ್ಟಿ ತಪ್ಪು ಮಗ್ಗುಲಿಗೆ ಬಿದ್ದರೆ ಸುತ್ತಿದಾಗ ಅದು ಒಳಗೇ ಅಡಗಿ, ಬರಿಯ ಹಾಯಿ ಬಿಸಿಲಿಗೆ ಬೀಳುತ್ತದೆ. ಸಡಿಲವಾಗಿ ಸುತ್ತಿದ ದಿನ ಒಳಬಟ್ಟೆ ಇಣುಕುವುದರಿಂದ ಗುರುತಿಗಿಂತ ನಾಲ್ಕು ಬೆರಳು ಹೆಚ್ಚೇ ಇರಲಿ.

ಉತ್ತರ (ಮಳೆನಾಡಿಗ, ಹೊಸನಗರ)

ಮೇಲಿನವರ ಮಾತು ಸರಿ. ಪಟ್ಟಿಯ ತೂಕವೇ ಬೇಡವೆಂದರೆ, ಸುತ್ತಿದ ಹಾಯಿಯ ಮೇಲೆ ಜಿಪ್ ಇರುವ ಉದ್ದ ಚೀಲವನ್ನು ಬಿಡುವಾಗಿರುವ ಹಗ್ಗದಿಂದ ಏರಿಸಿ ತೊಡಿಸಬಹುದು. ಆದರೆ ಅದನ್ನು ಲಾಡಿಯಿಂದ ಬಿಗಿಯಾಗಿ ಕಟ್ಟಬೇಕು, ಇಲ್ಲದಿದ್ದರೆ ರಾತ್ರಿಯಿಡೀ ಪಟಪಟ ಬಡಿದು ಹಾಯಿಯನ್ನೇ ಸವೆಸುತ್ತದೆ. ಪ್ರತಿ ಸಲ ತೊಡಿಸುವ ತಾಳ್ಮೆ ಇಲ್ಲದವರಿಗೆ ಪಟ್ಟಿಯೇ ಸರಿ.

ನಮ್ಮ ಸೀಮೆಯ ಇನ್ನೊಂದು ಶತ್ರು ಮಳೆ. ಒಂದು ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಯಿಯನ್ನು ಪಟ್ಟಿಯ ನಂಬಿಕೆಯಲ್ಲಿ ಸುತ್ತಿಟ್ಟೇ ಬಿಟ್ಟಿದ್ದೆ. ನವರಾತ್ರಿಯ ಹೊತ್ತಿಗೆ ಬಿಚ್ಚಿದರೆ ಒಳಸುತ್ತುಗಳಲ್ಲೆಲ್ಲ ಕಪ್ಪು ಬೂಷ್ಟಿನ ಚುಕ್ಕೆಗಳು, ಇಂದಿಗೂ ಹೋಗಿಲ್ಲ. ಈಗ ಮೇ ಕೊನೆಯಲ್ಲೇ ಇಳಿಸಿ, ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಇಲಿ ತಲುಪದಂತೆ ಅಟ್ಟದ ತೊಲೆಗೆ ಚೀಲದಲ್ಲಿ ತೂಗುಹಾಕುತ್ತೇನೆ.

ಹಿನ್ನೀರಿಗ, ಸಾಗರ

ಇಬ್ಬರಿಗೂ ಧನ್ಯವಾದಗಳು. ಇಂದು ಸುತ್ತಿ ಗುರುತು ಹಾಕಿದೆ: ಹೊರಗೆ ಬರುವುದು ಎಡ ಮಗ್ಗುಲು, ನಾನು ಬಲವೆಂದೇ ಭಾವಿಸಿದ್ದೆ. ಬಟ್ಟೆ ಎಳೆತಕ್ಕೆ ತಡೆಯಿತು. ಹಾಯಿಯನ್ನು ಇಳಿಸಿ ಮನೆಗೆ ತಂದಿದ್ದೇನೆ. ಹೊಲಿಗೆ ಮುಗಿಯುವವರೆಗೆ ಅದು ಜಗಲಿಯ ನೆರಳಿನಲ್ಲೇ ಇರುತ್ತದೆ.