ಟೆಂಪರರಿ ಕ್ಯಾಪ್ ಹಾಕಿಸಿಕೊಂಡು ಕಾಯೋದಾ, ಒಂದೇ ದಿನದ ಕ್ರೌನಾ? ಅನುಭವ ಇದ್ದವರು ಹೇಳಿ

ತುಮಕೂರು_ಟೀಚರ್:
ಕೆಳಗಿನ ಎಡಗಡೆ ದವಡೆ ಹಲ್ಲಿಗೆ ರೂಟ್ ಕೆನಾಲ್ ಮುಗಿಯಿತು. ಇಲ್ಲಿನ ಡಾಕ್ಟರು ಈಗ ಟೆಂಪರರಿ ಹಾಕಿ, ಹತ್ತು ದಿನ ಬಿಟ್ಟು ಜಿರ್ಕೋನಿಯಾ ಅನ್ನುವ ಗಟ್ಟಿ ಸೆರಾಮಿಕ್‌ನ ಕಾಯಂ ಕ್ಯಾಪ್ (ಕ್ರೌನ್) ಕೂರಿಸುತ್ತಾರಂತೆ. ಒಟ್ಟು 9,000. ಬೆಂಗಳೂರಿನ ಒಂದು ಕ್ಲಿನಿಕ್‌ನವರು ಸ್ಕ್ಯಾನ್ ಮಾಡಿ ಅವತ್ತೇ ಹಾಕಿ ಕಳಿಸುತ್ತೇವೆ ಅನ್ನುತ್ತಾರೆ, 19,000. ನನಗೆ ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದೆ. ಮುಂದಿನ ತಿಂಗಳು ತಂಗಿ ಮದುವೆ. ಯಾವುದು ಮಾಡಿಸಲಿ?

ಕೋಡುಬಳೆ_ಕುಮಾರ:
ಟೆಂಪರರಿ ಹೆಸರೇ ಎತ್ತಬೇಡಿ ಮೇಡಂ. ನಂದು ಮೇಲಿನ ಬಲಗಡೆ ಹಲ್ಲು. ರೂಟ್ ಕೆನಾಲ್ 4,500, ಎಕ್ಸ್‌ರೇಗೆ 600, ಟೆಂಪರರಿಗೆ 500, ಕ್ಯಾಪ್‌ಗೆ 8,000. ಅರ್ಧ ದುಡ್ಡು ಮೊದಲೇ ಕಟ್ಟಿಸಿಕೊಂಡರು. ಆ ಪ್ಲಾಸ್ಟಿಕ್ ಕ್ಯಾಪು ಸಾರಿನ ಅರಿಶಿನ ಹೀರಿ ಹಳದಿಯಾಯಿತು. ಹಾಳಾಗಿ ಹೋಗಲಿ ಅಂತ ಸುಮ್ಮನಿದ್ದೆ. ಅಕ್ಕನ ಮೊಮ್ಮಗನ ನಾಮಕರಣದಲ್ಲಿ ಅಂಟಿನುಂಡೆ ಕಚ್ಚಿದೆ ನೋಡಿ, ಕ್ಯಾಪು ಉಂಡೆ ಜೊತೆಗೇ ಬಂತು. ಫೋನ್ ಮಾಡಿದರೆ ಡಾಕ್ಟರು ಊರಲ್ಲಿಲ್ಲ. ಆಮೇಲೆ ದಸರಾ, ಲ್ಯಾಬೂ ಬಂದ್. ಅಷ್ಟರಲ್ಲಿ ಪಕ್ಕದ ಹಲ್ಲು ಜರುಗಿ, ಲ್ಯಾಬಿನಿಂದ ಬಂದ ಕ್ಯಾಪು ಕೂರಲೇ ಇಲ್ಲ. ಮತ್ತೆ ಅಳತೆ, ಅದಕ್ಕೆ 1,500 ಬೇರೆ! ಅಂಟುವಂಥದ್ದು ತಿನ್ನಬಾರದು ಅಂತ ಹೇಳಿದ್ದೆವಲ್ಲ ಅಂದರು. ಯಾರೂ ಹೇಳಿರಲಿಲ್ಲ. ರಸೀದಿ ಇನ್ನೂ ನನ್ನ ಹತ್ತಿರ ಇದೆ.

ಮಲ್ಲೇಶ್ವರ_ಮಧು:
ಈ ರಗಳೆ ಬೇಡ ಅಂತಲೇ ನಾನು ಒಂದೇ ದಿನದ್ದು ಮಾಡಿಸಿದ್ದು. 21,000 ಆಯಿತು, ಒಂದು ರೂಪಾಯಿಯೂ ದಂಡ ಅಲ್ಲ. ಅಳತೆಗೆ ಅಂತ ಬಾಯಿ ತುಂಬ ಹಿಟ್ಟು ಮೆತ್ತಿ ವಾಕರಿಕೆ ಬರಿಸುವ ಕೆಲಸವೇ ಇಲ್ಲ. ಬಾಯೊಳಗೆ ಸಣ್ಣ ಕ್ಯಾಮೆರಾ ಆಡಿಸುತ್ತಾರೆ, ಹಲ್ಲು ಸ್ಕ್ರೀನ್ ಮೇಲೆ ಬರುತ್ತದೆ. ಪಕ್ಕದ ರೂಮಿನ ಮೆಷಿನ್ನು ನೀರು ಚಿಮ್ಮಿಸುತ್ತಾ ನೇರಳೆ ಬಣ್ಣದ ಒಂದು ತುಂಡನ್ನು ಕೊರೆಯಿತು. ನೇರಳೆ ಹಲ್ಲು ನೋಡಿ ನಾನು ಗಾಬರಿ. ಅದನ್ನು ಫರ್ನೇಸ್‌ನಲ್ಲಿಟ್ಟು ತೆಗೆದರೆ ಸಾಕ್ಷಾತ್ ಹಲ್ಲಿನ ಬಣ್ಣ! ಬೆಳಿಗ್ಗೆ ಹೋದವನು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆ. ಕಚ್ಚಿದರೆ ಒಂಚೂರು ಎತ್ತರ ಅನಿಸುತ್ತಿತ್ತು. ಆಮೇಲೆ ಹೋದಾಗ ನೀಲಿ ಕಾಗದ ಕಚ್ಚಿಸಿ ತಿಕ್ಕಿ ಸರಿ ಮಾಡಿದರು. ಅದೆಲ್ಲ ಲೆಕ್ಕಕ್ಕಿಲ್ಲ.

ಲ್ಯಾಬ್_ಮೇಸ್ತ್ರಿ:
ಮಧು ಸಾರ್, ತಿಕ್ಕಿದ ಮೇಲೆ ಪಾಲಿಶ್ ಮಾಡಿದರಾ? ಒರಟು ಬಿಟ್ಟರೆ ಎದುರಿನ ಹಲ್ಲು ಸವೆಯುತ್ತದೆ. ನಾನು ಡೆಂಟಲ್ ಲ್ಯಾಬ್‌ನಲ್ಲೇ ತಲೆ ನೆರೆಸಿಕೊಂಡವನು, ಅದಕ್ಕೆ ಕೇಳಿದೆ. ನೀವು ಹೇಳುವ ನೇರಳೆ ತುಂಡು ಲಿಥಿಯಂ ಡೈಸಿಲಿಕೇಟ್ ಅನ್ನುವ ಗಾಜಿನಂಥ ಸೆರಾಮಿಕ್, ಜಿರ್ಕೋನಿಯಾ ಅಲ್ಲ. ಅದು ಸುಮಾರು 850 ಡಿಗ್ರಿಯಲ್ಲಿ ಬೇಗ ಆಗಿಬಿಡುತ್ತದೆ. ಜಿರ್ಕೋನಿಯಾ ಬೇರೆ ಕಥೆ. ಸುಟ್ಟರೆ ಕುಗ್ಗುತ್ತದೆ ಅಂತ ಶೇಕಡಾ 20ರಿಂದ 25ರಷ್ಟು ದೊಡ್ಡದಾಗಿ ಕೊರೆದು, 1,500 ಡಿಗ್ರಿ ಹತ್ತಿರ ಗಂಟೆಗಟ್ಟಲೆ ಸುಡಬೇಕು. ಬೇಗ ಸುಡುವ ಫರ್ನೇಸ್ ಬಂದಿವೆ, ಆದರೆ ಎಲ್ಲ ಕ್ಲಿನಿಕ್‌ನಲ್ಲಿ ಎಲ್ಲಿರುತ್ತವೆ? ಬೋರ್ಡ್ ಮೇಲೆ 'ಒಂದೇ ದಿನ' ಅಂತ ಬರೆದರೆ ಸಾಲದು, ಯಾವ ಬ್ಲಾಕ್ (ಕೊರೆಯುವ ತುಂಡು) ಅಂತ ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ ಬ್ರಷ್ ಹಿಡಿದು ಪದರ ಪದರವಾಗಿ ಬಣ್ಣ ಕೂರಿಸುವ ಹುಡುಗರಿದ್ದಾರೆ. ಕ್ಲಿನಿಕ್‌ನವರು ಅವರಿಗೆ ಒಂದು ಹಲ್ಲಿಗೆ ಕೊಡುವ ದುಡ್ಡು ಕೇಳಿದರೆ ನಿಮಗೆ ನಾಚಿಕೆಯಾಗುತ್ತದೆ.

ಮಲ್ಲೇಶ್ವರ_ಮಧು:
ನಿಮ್ಮ ಲ್ಯಾಬ್‌ನಲ್ಲೂ ಈಗ ಕೊರೆಯೋದು ಮೆಷಿನ್ನೇ ಅಲ್ವಾ? ಬ್ರಷ್ ಕಥೆ ಮುಂದಿನ ಹಲ್ಲಿಗೆ ಸರಿ. ದವಡೆ ಹಲ್ಲನ್ನು ಯಾರು ಬಗ್ಗಿ ನೋಡುತ್ತಾರೆ? ಈ ಮೆಷಿನ್ ನಿನ್ನೆ ಮೊನ್ನೆಯದಲ್ಲ. ಜ್ಯೂರಿಕ್ ಯೂನಿವರ್ಸಿಟಿಯಲ್ಲಿ 1985ರಲ್ಲೇ ಇದರಲ್ಲಿ ಮಾಡಿದ್ದನ್ನು ರೋಗಿಯ ಬಾಯಿಗೆ ಹಾಕಿದ್ದಾರೆ.

ಲ್ಯಾಬ್_ಮೇಸ್ತ್ರಿ:
ಆಗ ಹಾಕಿದ್ದು ಇನ್‌ಲೇ ಸಾರ್, ಅಂದರೆ ಹಲ್ಲಿನ ಕುಳಿಯಲ್ಲಿ ಕೂರಿಸುವ ತುಂಡು, ಪೂರ್ತಿ ಕ್ರೌನ್ ಅಲ್ಲ. ಅರ್ಧ ಓದಿ ಬರಬೇಡಿ.

ಡಲ್ಲಾಸ್_ವಾಸಿ:
ನೀವೆಲ್ಲ ಪುಣ್ಯವಂತರು. ನನಗೆ ಇಲ್ಲಿ ಕ್ರೌನ್ ಒಂದಕ್ಕೇ 1,450 ಡಾಲರ್ ಹೇಳಿದರು. ಇನ್ಶೂರೆನ್ಸ್ ಅರ್ಧ ಕೊಡುತ್ತದೆ, ಆದರೆ ವರ್ಷಕ್ಕೆ 1,500 ಡಾಲರ್ ಮಿತಿ. ರೂಟ್ ಕೆನಾಲ್ ಅದರಲ್ಲಿ ಮುಕ್ಕಾಲು ನುಂಗಿತ್ತು. ಊರಿಗೆ ಹೋದಾಗ ಮಾಡಿಸೋಣ ಅಂತ ಟೆಂಪರರಿಯಲ್ಲೇ ದೂಡಿದೆ. ವಿಮಾನದಲ್ಲಿ ಕ್ಯಾಪು ಅಲ್ಲಾಡಲು ಶುರುವಾಯಿತು, ಬಾಯೆಲ್ಲ ಲವಂಗದ ವಾಸನೆ. ಟೆಂಪರರಿ ಸಿಮೆಂಟ್‌ನಲ್ಲಿ ಲವಂಗದ ಎಣ್ಣೆಯ ಅಂಶ ಇರುತ್ತದಂತೆ. ಮೈಸೂರಿನಲ್ಲಿ ಜಿರ್ಕೋನಿಯಾ 12,000ಕ್ಕೆ ಆಯಿತು. ಇಲ್ಲಿನ ಡಾಕ್ಟರು ನೋಡಿ ಫಿಟ್ಟಿಂಗ್ ಚೆನ್ನಾಗಿದೆ ಅಂದರು.

ಕೋಡುಬಳೆ_ಕುಮಾರ:
ಟಿಕೆಟ್ ದುಡ್ಡು ಸೇರಿಸಿ ಲೆಕ್ಕ ಹಾಕಿ ಸಾರ್, ಅದೂ ಗೊತ್ತಾಗಲಿ. ನಿಮ್ಮಂಥವರು ಬಂದು ಕೇಳಿದಷ್ಟು ಕೊಡೋದರಿಂದಲೇ ಮೈಸೂರಿನಲ್ಲೂ ರೇಟು ಏರಿದೆ.

ಡಲ್ಲಾಸ್_ವಾಸಿ:
ನಾನು ಹೋಗಿದ್ದು ಅಮ್ಮನನ್ನು ನೋಡಲು. ಹಲ್ಲಿಗೋಸ್ಕರ ಅಲ್ಲ.

ಬೆಣ್ಣೆದೋಸೆ_ದಾವಣಗೆರೆ:
ಎಲ್ಲರೂ ಶ್ರೀಮಂತರೇ ಇದ್ದೀರಿ ಅನಿಸುತ್ತದೆ. ನಮ್ಮೂರಿನ ಡೆಂಟಲ್ ಕಾಲೇಜಿನಲ್ಲಿ ಪಿಜಿ ಹುಡುಗಿಯೊಬ್ಬಳು ನನಗೆ ಮೆಟಲ್ ಕ್ಯಾಪ್ ಹಾಕಿದಳು. ಹೊರಗಿನ ರೇಟಿನ ಕಾಲು ಭಾಗವೂ ಆಗಲಿಲ್ಲ. ಕಾಯಿಸುತ್ತಾರೆ, ಅದು ನಿಜ. ಪ್ರತಿ ಹಂತಕ್ಕೂ ಮೇಡಂ ಬಂದು ನೋಡಿ ಸಹಿ ಹಾಕಬೇಕು. ಒಂದು ಸಲ ಅಂಚು ಸರಿ ಬಂದಿಲ್ಲ ಅಂತ ಮೇಡಂ ಆ ಹುಡುಗಿಗೆ ನನ್ನೆದುರೇ ಬೈದು ಮತ್ತೆ ಅಳತೆ ತೆಗೆಸಿದರು. ದುಡ್ಡು ಕೊಟ್ಟು ಹೋಗುವ ಕ್ಲಿನಿಕ್‌ನಲ್ಲಿ ಹಾಗೆ ಬೈಯುವವರು ಯಾರಿದ್ದಾರೆ? ನಕ್ಕರೆ ಬೆಳ್ಳಿ ಹಲ್ಲು ಕಾಣುತ್ತದೆ, ಕಾಣಲಿ ಬಿಡಿ. ಜೋಳದ ರೊಟ್ಟಿ, ಶೇಂಗಾ, ಎಲ್ಲ ಕಡಿಯುತ್ತೇನೆ. ಟೆಂಪರರಿ ಕಳಚಿದರೆ ಫೆವಿಕ್ವಿಕ್ ಒಂದು ಹನಿ ಸಾಕು, ನಮ್ಮ ಭಾವ ಹಾಗೇ ಮಾಡಿದ್ದು.

ಲ್ಯಾಬ್_ಮೇಸ್ತ್ರಿ:
ಅಯ್ಯೋ, ಆ ಕೊನೇ ಸಾಲು ಅಳಿಸಿ ಮಾರಾಯರೇ! ಅದು ಬಾಯಿಗೆ ಹಾಕುವ ಅಂಟಲ್ಲ. ವಸಡು ಸುಡುತ್ತದೆ, ಕ್ಯಾಪು ವಾರೆ ಕೂತು ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಕೊರೆದೇ ತೆಗೆಯಬೇಕು. ಕಳಚಿದ ಕ್ಯಾಪ್ ತೊಳೆದು ಡಬ್ಬಿಯಲ್ಲಿಟ್ಟು ಬೇಗ ಡಾಕ್ಟರ ಹತ್ತಿರ ಹೋಗಬೇಕು, ಅಷ್ಟೇ.

ಬೆಣ್ಣೆದೋಸೆ_ದಾವಣಗೆರೆ:
ಭಾವನಿಗೆ ಏನೂ ಆಗಿಲ್ಲ. ನಿಮ್ಮ ವ್ಯಾಪಾರಕ್ಕೆ ತೊಂದರೆ ಆಗುತ್ತದೆ ಅಂತ ಹೆದರಿಸಬೇಡಿ.

ತುಮಕೂರು_ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ಆದರೆ ರಾತ್ರಿ ಹಲ್ಲು ಕಡಿಯುವ ವಿಷಯಕ್ಕೆ ಯಾರೂ ಬರಲಿಲ್ಲ?

ಲ್ಯಾಬ್_ಮೇಸ್ತ್ರಿ:
ಕಡಿಯುವವರಿಗೆ ಜಿರ್ಕೋನಿಯಾನೇ ವಾಸಿ ಮೇಡಂ, ಎಲ್ಲಿ ಮಾಡಿಸಿದರೂ. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ನೈಟ್ ಗಾರ್ಡ್ ಬೇಕು ಅಂದರೆ ಕ್ರೌನ್ ಕೂತ ಮೇಲೆ ಅಳತೆ ಕೊಡಿ. ಮೊದಲೇ ಮಾಡಿಸಿದರೆ ಆಮೇಲೆ ಅದು ಹಿಡಿಯುವುದಿಲ್ಲ, ದುಡ್ಡು ದಂಡ. ಮದುವೆ ಊಟದವರೆಗೆ ಟೆಂಪರರಿ ಎಳೆಯಬೇಡಿ. ಹತ್ತು ದಿನ ಅಂದರೆ ಹತ್ತು ದಿನಕ್ಕೇ ಹೋಗಿ ಹಾಕಿಸಿಕೊಳ್ಳಿ. ವಾರಂಟಿ ಕಾರ್ಡ್ ಕೇಳಿ ಇಸಿದುಕೊಳ್ಳಿ.

ಕೋಡುಬಳೆ_ಕುಮಾರ:
ವಾರಂಟಿ ಕಾರ್ಡ್ ಅಂತೆ! ನನ್ನದರ ಮೇಲೆ ಹತ್ತು ವರ್ಷ ಅಂತ ದಪ್ಪಕ್ಷರದಲ್ಲಿದೆ. ಹಿಂದುಗಡೆ ಓದಿ. ಕ್ಯಾಪ್ ಒಡೆದರೆ ಕ್ಯಾಪ್ ಮಾತ್ರ ಕೊಡುತ್ತಾರೆ. ಒಳಗಿನ ಹಲ್ಲು ಮುರಿದರೆ ಇಲ್ಲ, ಡಾಕ್ಟರ ಫೀಸು ಇಲ್ಲ, ತಪ್ಪಾಗಿ ಬಳಸಿದರೆ ಇಲ್ಲ. ಅಂಟಿನುಂಡೆ ತಿಂದರೆ ತಪ್ಪು ಬಳಕೆನಾ? ಹೇಳಿ ಮೇಸ್ತ್ರಿಗಳೇ, ಕಾರ್ಡ್ ಛಾಪಿಸುವವರು ನೀವೇ ತಾನೇ?

ಲ್ಯಾಬ್_ಮೇಸ್ತ್ರಿ:
ಕಾರ್ಡ್ ಕೊಡೋದು ಜಿರ್ಕೋನಿಯಾ ಕಂಪನಿ, ನಾವಲ್ಲ. ನಂಬರ್ ಇರುತ್ತದೆ, ಅದಕ್ಕೆ ಫೋನ್ ಮಾಡಿ.

ಕೋಡುಬಳೆ_ಕುಮಾರ:
ಮಾಡಿದೆ. ನಿಮ್ಮ ಲ್ಯಾಬ್‌ನವರನ್ನು ಕೇಳಿ ಅಂದರು.